ಹೊಗೆ ಕವಿದ ತಿಂಗಳುಗಳಲ್ಲಿ ಇಟಾಲಿಯನ್ ಮುದ್ದುಮಾತು

ಸರಸ್ವತೀಪುರಂನ ನಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಯಾರೋ ತರಗೆಲೆ ಗುಡಿಸಿ ಬೆಂಕಿ ಹಾಕುತ್ತಾರೆ. ಮೊನ್ನೆ ಬೆಳಿಗ್ಗೆ ಆ ಹೊಗೆ ಅಡುಗೆಮನೆಗೆ ನುಗ್ಗಿತು. ನಾನು ಒಗ್ಗರಣೆಯನ್ನು ಅಲ್ಲೇ ಬಿಟ್ಟು ಓಡಿ ಕಿಟಕಿ ಮುಚ್ಚಿದೆ. ಒಂದಲ್ಲ, ಮನೆಯ ಅಷ್ಟೂ ಕಿಟಕಿಗಳನ್ನು ಮುಚ್ಚಿದೆ. ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಲು ಬಗ್ಗಿದಾಗ ಎಚ್ಚರವಾಯಿತು: ಇದು ಮೈಸೂರು, ಈ ಹೊಗೆ ಹತ್ತು ನಿಮಿಷದಲ್ಲಿ ತಾನೇ ಹೋಗುತ್ತದೆ. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಪ್ರಭಾಕರ ತಲೆಯೆತ್ತಿ ನೋಡಿ, “ಸಿಂಗಪುರ ನೆನಪಾಯ್ತಾ?” ಎಂದರು. ನಾನು ಉತ್ತರ ಕೊಡಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತಾ ಕೂರಲು ಆಗುವುದಿಲ್ಲ. ಆದರೆ ನೆನಪಾಗಿತ್ತು.

ಅದು ಎರಡು ಸಾವಿರದ ಹದಿನೈದನೆಯ ಇಸವಿ. ಸುಮಾತ್ರಾದ ಕಾಡಿಗೆ ಬಿದ್ದ ಬೆಂಕಿಯ ಹೊಗೆ ಸಮುದ್ರ ದಾಟಿ ಬಂದು ಸಿಂಗಪುರದ ಮೇಲೆ ಕೂತುಬಿಟ್ಟಿತ್ತು. ನಾವು ಪುಂಗೋಲ್‌ನಲ್ಲಿ ಹನ್ನೆರಡನೆಯ ಮಹಡಿಯಲ್ಲಿದ್ದೆವು. ಮಾಮೂಲಿ ದಿನಗಳಲ್ಲಿ ನಮ್ಮ ಹಾಲ್‌ನಿಂದ ಕಾಲುವೆಯೂ ಅದರ ದಡದಲ್ಲಿ ಸೈಕಲ್ ಹೊಡೆಯುವವರೂ ಕಾಣುತ್ತಿದ್ದರು. ಸೆಪ್ಟೆಂಬರ್ ಹೊತ್ತಿಗೆ ಎದುರಿನ ಬ್ಲಾಕೇ ಕಾಣದಾಯಿತು. ಸೂರ್ಯ ಹಳೇ ತಾಮ್ರದ ತಟ್ಟೆಯ ಹಾಗೆ ಮಂಕಾಗಿ ಮೇಲೇರಿ, ಹಾಗೆಯೇ ಮಂಕಾಗಿ ಇಳಿಯುತ್ತಿದ್ದ. ಒಣಹಾಕಿದ ಬಟ್ಟೆಯಲ್ಲಿ ಹೊಗೆ, ತಲೆಗೂದಲಲ್ಲಿ ಹೊಗೆ, ಕಲಸಿದ ಮೊಸರನ್ನದಲ್ಲೂ ಹೊಗೆ. ಎಲ್ಲರೂ ಗಂಟೆಗೊಮ್ಮೆ ಫೋನ್ ತೆಗೆದು ಗಾಳಿ ಎಷ್ಟು ಕೆಟ್ಟಿದೆ ಎಂಬ ಅಂಕಿ ನೋಡುತ್ತಿದ್ದರು. ಲಿಫ್ಟಿನಲ್ಲಿ ಒಬ್ಬರಿಗೊಬ್ಬರು ಅದನ್ನೇ ಹೇಳಿಕೊಳ್ಳುತ್ತಿದ್ದರು.

ಆ ಹೊಗೆಯಲ್ಲಿ, ಪ್ರತಿ ಶನಿವಾರ ಮಧ್ಯಾಹ್ನ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಎರಡು ಕಡೆ ಟ್ರೈನ್ ಬದಲಿಸಿ, ನಾನೂ ನನ್ನ ಗಂಡನೂ ಟೋವಾ ಪಾಯೋಗೆ ಹೋಗುತ್ತಿದ್ದೆವು. ಹೋಗುತ್ತಿದ್ದುದು ಇಟಾಲಿಯನ್‌ನಲ್ಲಿ ಪ್ರೀತಿಸುವುದನ್ನು ಕಲಿಯಲು.

ಇದು ಹೇಗಾಯಿತೆಂದು ಹೇಳಬೇಕು. ಪ್ರಭಾಕರ ಜುರಾಂಗ್ ಐಲ್ಯಾಂಡಿನ ಒಂದು ಕೆಮಿಕಲ್ ಪ್ಲಾಂಟಿನಲ್ಲಿ ಇನ್‌ಸ್ಟ್ರುಮೆಂಟ್ ಎಂಜಿನಿಯರ್. ಬೆಳಿಗ್ಗೆ ಕತ್ತಲಿರುವಾಗಲೇ ಕಂಪನಿ ಬಸ್ಸು ಹತ್ತಿದರೆ, ಇಳಿಯುತ್ತಿದ್ದುದು ಸಂಜೆಗೆ. ಒತ್ತಡ, ಉಷ್ಣತೆ, ಹರಿವು ಅಳೆಯುವ ಮುಳ್ಳುಗಳನ್ನು ಅವರು ಓದುತ್ತಿದ್ದ ರೀತಿಯನ್ನು ಕಂಪನಿಯವರೆಲ್ಲ ಹೊಗಳುತ್ತಿದ್ದರು. ಮನೆಯಲ್ಲಿ ಅಂಥ ಮುಳ್ಳು ಯಾವುದೂ ಇರಲಿಲ್ಲವಾದ್ದರಿಂದ ಅವರಿಗೆ ಮನೆ ಓದಲು ಬರುತ್ತಿರಲಿಲ್ಲ. ಆ ವರ್ಷ ಕಂಪನಿ ಅವರನ್ನು ಎರಡು ವರ್ಷಕ್ಕೆ ಇಟಲಿಗೆ ಕಳಿಸುವುದೆಂದು ತೀರ್ಮಾನವಾಯಿತು. ಸಂಸಾರ ಸಮೇತ ಹೋಗಬಹುದು, ಹೆಂಡತಿಯೂ ಭಾಷೆ ಕಲಿಯಬಹುದು, ಕ್ಲಾಸಿಗೆ ಕಂಪನಿಯೇ ಸೇರಿಸುತ್ತದೆ ಎಂದರು.

ನಮ್ಮ ಬ್ಲಾಕಿನಲ್ಲೇ ಇದ್ದ ಬೆಂಗಳೂರಿನ ವೀಣಾ ಈ ಸುದ್ದಿ ಕೇಳಿ ಎರಡೂ ಕೈ ಎದೆಗೆ ಒತ್ತಿಕೊಂಡಳು. “ವಾವ್ ಸುಮಾ, ಇಟಾಲಿಯನ್ ಅಂದ್ರೆ ಲ್ಯಾಂಗ್ವೇಜ್ ಆಫ್ ಲವ್! ಇಬ್ರೂ ಒಟ್ಟಿಗೆ ಕಲೀತೀರಾ? ಎಷ್ಟು ರೊಮ್ಯಾಂಟಿಕ್!”

ವೀಣಾಳ ರೊಮ್ಯಾನ್ಸ್ ನನಗೆ ಗೊತ್ತಿತ್ತು. ಮದುವೆಯ ವಾರ್ಷಿಕೋತ್ಸವದ ದಿನ ಅವಳೂ ಅವಳ ಗಂಡನೂ ಒಂದೇ ಸೋಫಾದ ಎರಡು ತುದಿಯಲ್ಲಿ ಕೂತು, ಒಬ್ಬರಿಗೊಬ್ಬರು ಫೇಸ್‌ಬುಕ್ಕಿನಲ್ಲಿ ‘ನನ್ನ ಪ್ರಪಂಚವೇ ನೀನು’ ಎಂದು ಬರೆದುಕೊಳ್ಳುತ್ತಿದ್ದರು. ಪ್ರಪಂಚ ಪಕ್ಕದಲ್ಲೇ ಕೂತು ಚಿಪ್ಸ್ ತಿನ್ನುತ್ತಿತ್ತು.

ನನ್ನ ಕಥೆ ಬೇರೆ. ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದವಳು. ಕೆಲಸ ಬಿಟ್ಟು ಗಂಡನ ಹಿಂದೆ ಸಿಂಗಪುರಕ್ಕೆ ಬಂದೆ. ಅಲ್ಲಿ ನನಗೆ ಕೊಟ್ಟ ಪಾಸಿನ ಮೇಲೆ ಅಚ್ಚಾಗಿದ್ದ ಪದವೇ ಡಿಪೆಂಡೆಂಟ್, ಅವಲಂಬಿತೆ. ಮೂರು ವರ್ಷ ಅಲ್ಲಿ ಇಲ್ಲಿ ಅರ್ಜಿ ಹಾಕಿದ ಮೇಲೆ ಒಂದು ಖಾಸಗಿ ಶಾಲೆಯವರು ನನ್ನನ್ನು ಕರೆದರು, ಡೆಮೊ ಪಾಠ ಮಾಡಿಸಿದರು, ಒಪ್ಪಿದರು. ಅವಲಂಬಿತೆ ಕೆಲಸಕ್ಕೆ ಸೇರಬೇಕಾದರೆ ಗಂಡನ ಕಂಪನಿಯಿಂದ ಒಂದು ಪತ್ರ ಬೇಕು ಎಂದರು. ಆ ಕಾಗದಗಳನ್ನು ಪ್ರಭಾಕರ ಅವರ ಕೈಗೆ ಕೊಟ್ಟೆ. ಒಂದು ವಾರವಾಯಿತು, ಎರಡಾಯಿತು. ಕೇಳಿದಾಗಲೆಲ್ಲ “ಕೊಡ್ತಾರೆ, ಕೊಡ್ತಾರೆ” ಎಂದರು. ಮೂರನೆಯ ವಾರ ಶಾಲೆಯವರು ಬೇರೆಯವರನ್ನು ತೆಗೆದುಕೊಂಡರು. ಒಂದು ದಿನ ಅವರ ಆಫೀಸ್ ಬ್ಯಾಗಿನಲ್ಲಿ ಟಿಫನ್ ಡಬ್ಬಿ ಹುಡುಕುವಾಗ ನನ್ನ ಕಾಗದಗಳು ಸಿಕ್ಕವು, ನಾನು ಹಾಕಿಕೊಟ್ಟ ಅದೇ ಪ್ಲಾಸ್ಟಿಕ್ ಕವರಿನಲ್ಲಿ, ನಾನು ಹಾಕಿದ ಅದೇ ಕ್ಲಿಪ್ಪಿನೊಂದಿಗೆ. ತೋರಿಸಿದೆ. “ಅಯ್ಯೋ, ಮರ್ತೇ ಹೋಯ್ತು ಕಣೇ, ಸಾರಿ” ಎಂದರು. ಆಮೇಲೆ ಚಪಾತಿ ತಿಂದರು. ಮೂರು ಚಪಾತಿ.

ನಾನು ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಬದಲಿಗೆ ಅವತ್ತಿನಿಂದ ಅವರನ್ನು ತಿರಸ್ಕರಿಸಲು ಶುರುಮಾಡಿದೆ. ಕೋಪಕ್ಕೆ ಎದ್ದು ನಿಲ್ಲಬೇಕು, ಕೂಗಬೇಕು, ಆಮೇಲೆ ಸುಸ್ತಾಗಬೇಕು. ತಿರಸ್ಕಾರವನ್ನು ಅಡುಗೆ ಮಾಡುತ್ತಾ, ಬಟ್ಟೆ ಮಡಿಸುತ್ತಾ ಸಾಕಬಹುದು. ಅವರು ಕೆಮ್ಮಿದರೆ ಈ ಮನುಷ್ಯನಿಗೆ ಕೆಮ್ಮಲೂ ಬರುವುದಿಲ್ಲ ಅನ್ನಿಸುತ್ತಿತ್ತು. ಚಪ್ಪಲಿ ಸಾಲಾಗಿ ಜೋಡಿಸಿಟ್ಟರೆ ನಗು ಬರುತ್ತಿತ್ತು. ಹೆಂಡತಿಯ ಬದುಕನ್ನೇ ಮರೆತವರಿಗೆ ಚಪ್ಪಲಿ ನೆನಪಿರುತ್ತದೆ.

ಇದಾಗಿ ಮೂರು ವರ್ಷ. ಈಗ ಮತ್ತೊಂದು ದೇಶ. ಮತ್ತೆ ಸೊನ್ನೆಯಿಂದ ಶುರು. ಹೋಗುವುದೋ, ಮಗಳನ್ನು ಕರೆದುಕೊಂಡು ಮೈಸೂರಿಗೆ ವಾಪಸಾಗುವುದೋ ಎಂದು ನಾನು ಒಳಗೊಳಗೇ ತೂಗುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಕ್ಲಾಸಿಗೆ ಮಾತ್ರ ಹೋದೆ. ಶನಿವಾರ ಮಧ್ಯಾಹ್ನ ಮುಚ್ಚಿದ ಕಿಟಕಿಯ ಮನೆಯಲ್ಲಿ ಕೂರುವುದಕ್ಕಿಂತ ಅದು ವಾಸಿ.

ಕ್ಲಾಸು ಟೋವಾ ಪಾಯೋದ ಅಂಗಡಿ ಸಾಲಿನ ಮೇಲ್ಮಹಡಿಯಲ್ಲಿ. ಕೆಳಗೆ ಒಂದು ಬೇಕರಿ. ಊರೆಲ್ಲ ಹೊಗೆ ವಾಸನೆ ಇದ್ದರೂ ಆ ಮೆಟ್ಟಿಲ ಮೇಲೆ ಮಾತ್ರ ಬೆಣ್ಣೆಯ ವಾಸನೆ. ಟೀಚರ್ ದೊನಾತೆಲ್ಲಾ, ಅರವತ್ತರ ಆಸುಪಾಸಿನ ಇಟಾಲಿಯನ್ ಹೆಂಗಸು, ಇಪ್ಪತ್ತು ವರ್ಷದಿಂದ ಸಿಂಗಪುರದಲ್ಲೇ ಇದ್ದವಳು. ಸಿಗರೇಟಿನಿಂದ ದಪ್ಪಗಾದ ದನಿ. ಮೊದಲ ದಿನವೇ ಹೇಳಿದಳು: ಕಾರ್ಖಾನೆಯ ಪದಗಳನ್ನು ಕಾರ್ಖಾನೆಯಲ್ಲೇ ಕಲಿಯುತ್ತೀರಿ, ಮನೆಯೊಳಗೆ ಹೇಗೆ ಮಾತಾಡಬೇಕೆಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ, ಅದನ್ನು ನಾನು ಹೇಳಿಕೊಡುತ್ತೇನೆ. ಆಮೇಲೆ ಕನ್ನಡಕ ಮೇಲೇರಿಸಿ, “ನಿಜ ಹೇಳಬೇಕೆಂದರೆ ವ್ಯಾಕರಣ ಕಲಿಯಲು ಯಾರೂ ಬರುವುದಿಲ್ಲ. ಎಲ್ಲರಿಗೂ ಬೇಕಾಗಿರುವುದು ಪ್ರೀತಿಯ ಮಾತೇ” ಎಂದಳು. ಆ ಒಂದು ಮಾತಿಗಾಗಿ ಅವಳ ಮೇಲೆ ನನಗೆ ಕೊಂಚ ಗೌರವ ಉಳಿಯಿತು.

ನಮ್ಮ ಜೊತೆ ಇದ್ದ ಇನ್ನೊಬ್ಬಳೇ ವಿದ್ಯಾರ್ಥಿನಿ ಹುಯಿ ಮಿನ್, ಅಲ್ಲಿನ ಚೀನೀ ಹುಡುಗಿ. ಡಿಸೆಂಬರಿನಲ್ಲಿ ಇಟಲಿಯ ಹುಡುಗನೊಬ್ಬನನ್ನು ಮದುವೆಯಾಗುವವಳಿದ್ದಳು. ಅರ್ಧ ಭಾಷೆ ಆಗಲೇ ಬರುತ್ತಿತ್ತು, ಉಳಿದರ್ಧವನ್ನು ನಾಚಿಕೆಯಿಂದ ತುಂಬಿಸುತ್ತಿದ್ದಳು.

ಮೊದಲ ಪಾಠದಲ್ಲೇ ಕರೆಯುವ ಹೆಸರುಗಳು. ಅಮೋರೆ ಎಂದರೆ ಪ್ರೀತಿ, ತೆಸೋರೊ ಎಂದರೆ ನಿಧಿ. ಗಂಡ ಹೆಂಡತಿಯನ್ನು ನಿಧಿ ಎನ್ನಬಹುದು, ಮಗುವನ್ನು ನಿಧಿ ಎನ್ನಬಹುದು, ತರಕಾರಿ ಮಾರುವವಳು ಗಿರಾಕಿಯನ್ನೂ ನಿಧಿ ಎನ್ನಬಹುದು. ಹೀಗೆ ಸಿಕ್ಕ ಸಿಕ್ಕ ಕಡೆಯೆಲ್ಲ ನಿಧಿ ಇದ್ದರೆ ಅದು ನಿಧಿ ಹೇಗಾಗುತ್ತದೆ ಎಂದು ನಾನು ಕೇಳಿದೆ. ದೊನಾತೆಲ್ಲಾ ಭುಜ ಕುಣಿಸಿದಳು. ಪ್ರಭಾಕರ ಮಾತ್ರ ಎಲ್ಲವನ್ನೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡರು, ಪ್ಲಾಂಟಿನ ಲಾಗ್ ಬರೆಯುವ ಹಾಗೆ, ಎಡಕ್ಕೆ ಪದ, ಬಲಕ್ಕೆ ಅರ್ಥ, ಕೆಳಗೆ ಗೆರೆ.

ಇಟಾಲಿಯನ್‌ನಲ್ಲಿ ನಾನು ನಿನ್ನನ್ನು ಪ್ರೀತಿಸುತ್ತೇನೆ ಎನ್ನಲು ಎರಡು ವಾಕ್ಯವಿದೆ. ತಿ ಆಮೊ ಎನ್ನುವುದು ಪ್ರೇಮಿಗಳಿಗೆ. ತಿ ವೋಲ್ಯೊ ಬೇನೆ ಎನ್ನುವುದು ಅಪ್ಪ, ಅಮ್ಮ, ಮಗು, ಗೆಳತಿ, ಹಳೇ ಗಂಡ ಎಲ್ಲರಿಗೂ. ಅದರ ಅಕ್ಷರಶಃ ಅರ್ಥ, ನಿನಗೆ ಒಳ್ಳೆಯದನ್ನು ಬಯಸುತ್ತೇನೆ ಎಂದು. ನಮ್ಮ ಕಡೆ ಕಾಲಿಗೆ ಬಿದ್ದವರಿಗೆಲ್ಲ ಹಿರಿಯರು ‘ಒಳ್ಳೇದಾಗ್ಲಿ’ ಎನ್ನುವುದಿಲ್ಲವೇ, ಅಷ್ಟೇ ಇದು. ಇದನ್ನು ಹೇಳಿಕೊಡಲು ಒಬ್ಬ ಟೀಚರ್, ಇದನ್ನು ಕಲಿಯಲು ಮೂರು ಟ್ರೈನು. ಅದರ ಮೇಲೆ ಆ ‘ಬೇನೆ’. ಹೊಟ್ಟೆಬೇನೆ, ಹೆರಿಗೆಬೇನೆ ಕೇಳಿ ಬೆಳೆದವಳಿಗೆ ಪ್ರೀತಿಯ ವಾಕ್ಯದ ಕೊನೆಯಲ್ಲಿ ಬೇನೆ ಬಂದರೆ ಏನನ್ನಿಸಬೇಕು? ಮನೆಗೆ ಬರುವಾಗ ಟ್ರೈನಿನಲ್ಲಿ ಹೇಳಿದೆ, “ಪರವಾಗಿಲ್ಲ, ಈ ಭಾಷೆ ಮಾಡಿದವರಿಗೆ ಮದುವೆ ಗೊತ್ತಿತ್ತು.” ಪ್ರಭಾಕರ ನಕ್ಕರು. ನಾನು ನಗಲೆಂದು ಹೇಳಿರಲಿಲ್ಲ.

ದೊನಾತೆಲ್ಲಾ ಕೊಡುತ್ತಿದ್ದ ಹೋಂವರ್ಕ್ ಒಂದೇ. ದಿನಕ್ಕೆ ಒಂದು ವಾಕ್ಯ, ಮನೆಯಲ್ಲಿ ಯಾರಿಗಾದರೂ, ಗಟ್ಟಿಯಾಗಿ ಹೇಳಬೇಕು. ಪ್ರಭಾಕರ ಶಾಲೆಯಲ್ಲಿದ್ದಾಗಿನಿಂದ ಹೋಂವರ್ಕ್ ತಪ್ಪಿಸಿದವರಲ್ಲ. ಸಂಜೆ ಬಸ್ಸಿಳಿದು ಬಂದು, ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಗಂಟಲು ಸರಿಮಾಡಿಕೊಂಡು “ಚಾವ್, ಅಮೋರೆ” ಎನ್ನುತ್ತಿದ್ದರು. ಅವರ ಬಾಯಲ್ಲಿ ಅದು ಅಪಾಯದ ಸೂಚನೆ ಓದಿದ ಹಾಗೆ ಕೇಳುತ್ತಿತ್ತು. ನಾನು ಸೊಪ್ಪು ಹೆಚ್ಚುತ್ತಾ, “ಆಯ್ತು, ಟಿಕ್ ಹಾಕ್ಕೊಳ್ಳಿ” ಎನ್ನುತ್ತಿದ್ದೆ. ಅವರು ನಿಜವಾಗಿಯೂ ಹೋಗಿ ಟಿಕ್ ಹಾಕುತ್ತಿದ್ದರು.

ನಮ್ಮ ಮಗಳು ಇಂಚರಳಿಗೆ ಆಗ ಹತ್ತು ವರ್ಷ. ಅವಳಿಗೆ ಇದೆಲ್ಲ ಪುಕ್ಕಟೆ ನಾಟಕ. ಒಂದು ದಿನ ಅವರು “ಮಿ ಮಾಂಕಿ” ಎಂದರು. ನೀನಿಲ್ಲದೆ ನನಗೆ ಕೊರತೆ ಎಂದು ಅದರ ಅರ್ಥ. ಇಂಚರ ಸೋಫಾದಿಂದ ಉರುಳಿ ಬಿದ್ದು ನಕ್ಕಳು, ಅಲ್ಲಿನ ಮಕ್ಕಳ ಹಾಗೆ ಮಾತಿನ ಕೊನೆಗೆ ‘ಲಾ’ ಸೇರಿಸಿ ಕೂಗಿದಳು. “ಅಮ್ಮ! ಅಪ್ಪ ಕಾಲ್ಡ್ ಯು ಮಂಕಿ ಲಾ!”

“ಇಷ್ಟು ದಿನಕ್ಕೆ ಮನಸ್ಸಿನಲ್ಲಿದ್ದದ್ದು ಹೊರಗೆ ಬಂತು” ಎಂದೆ.

ಪ್ರಭಾಕರ ನೋಟ್‌ಬುಕ್ ತೆರೆದು, ತಪ್ಪು ಉಚ್ಚಾರವೇ ಎಂದು ಪರೀಕ್ಷಿಸಿದರು.

ಇನ್ನೊಂದು ಸಂಜೆ ಅವರು ಏನೋ ಕಂಡುಹಿಡಿದ ಉತ್ಸಾಹದಲ್ಲಿ ಬಂದರು. “ಸುಮಾ, ಇಲ್ಲಿ ನೋಡು. ಮಿ ಪ್ಯಾಚಿ. ಇಂಗ್ಲಿಷ್ ಥರ ಐ ಲೈಕ್ ಯು ಅಲ್ಲ ಇದು. ನಮ್ಮ ಥರಾನೇ! ನನಗೆ, ನೀನು, ಇಷ್ಟ. ಸೇಮ್ ಸ್ಟ್ರಕ್ಚರ್!”

ಹನ್ನೆರಡು ವರ್ಷದ ಸಂಸಾರದಲ್ಲಿ ‘ನನಗೆ ನೀನು ಇಷ್ಟ’ ಎಂಬ ಕನ್ನಡ ವಾಕ್ಯವನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅದೂ ಚತುರ್ಥೀ ವಿಭಕ್ತಿಗೆ ಉದಾಹರಣೆಯಾಗಿ. ಗ್ಯಾಸ್ ಸಣ್ಣ ಮಾಡಿ, “ತುಂಬಾ ಸಂತೋಷ” ಎಂದೆ.

ನನ್ನ ಕಷ್ಟ ಇನ್ನೊಂದಿತ್ತು. ಗಂಡನನ್ನು ನಾನು ‘ನೀವು’ ಎನ್ನುವವಳು. ನಮ್ಮಮ್ಮ ಅಪ್ಪನನ್ನು ನೀವು ಎನ್ನುತ್ತಿದ್ದರು, ನಾನೂ ಹಾಗೇ ಬೆಳೆದೆ. ಇಟಾಲಿಯನ್‌ನಲ್ಲೂ ನೀನು ನೀವು ಎರಡೂ ಇವೆ, ಆದರೆ ಗಂಡನಿಗೆ ನೀವು ಎಂದರೆ ಅವನನ್ನು ಬ್ಯಾಂಕ್ ಮ್ಯಾನೇಜರ್ ಎಂದುಕೊಳ್ಳುತ್ತಾರೆ ಎಂದು ದೊನಾತೆಲ್ಲಾ ನಕ್ಕಳು. ಹೀಗೆ ನಾನು ಪ್ರಭಾಕರ ಅವರನ್ನು ಏಕವಚನದಲ್ಲಿ ಮೊದಲು ಕರೆದದ್ದು ಟೋವಾ ಪಾಯೋದ ಬೇಕರಿಯ ಮೇಲೆ, ಪರಭಾಷೆಯಲ್ಲಿ. ಹೇಳಿದ ಮೇಲೆ ನಾಲಿಗೆ ಹಗುರಾಯಿತು. ನೀನು ಎನ್ನುವ ಭಾಷೆಯಲ್ಲಿ ಏನೇನು ಹೇಳಬಹುದೆಂದು ಆಗಲೇ ನನ್ನ ತಲೆಗೆ ಬಂದದ್ದು.

ಸೆಪ್ಟೆಂಬರಿನ ಒಂದು ಶನಿವಾರ, ನಡುವಿನ ವಿರಾಮದಲ್ಲಿ, ದೊನಾತೆಲ್ಲಾ ಕಾರಿಡಾರಿನ ಕಿಟಕಿಯ ಬಳಿ ನಿಂತಿದ್ದಳು. ಹೊರಗೆ ಇಷ್ಟು ಹೊಗೆ ಇರುವಾಗ ಸಿಗರೇಟು ಬೇರೆ ಯಾಕೆ ಎಂದು ತಾನೇ ಬೈದುಕೊಂಡು ಸೇದುತ್ತಿದ್ದಳು. ನಾನು ಹತ್ತಿರ ಹೋಗಿ ಕೇಳಿದೆ, “ತಿರಸ್ಕಾರಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ?”

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. “ದ್ವೇಷ ಅಲ್ಲವಾ?”

“ಅಲ್ಲ. ದ್ವೇಷಕ್ಕೆ ಅಷ್ಟು ಮಹತ್ವ ಕೊಡಬೇಕಾಗುತ್ತದೆ.”

ಅವಳು ನನ್ನ ಪುಸ್ತಕದ ಅಂಚಿನಲ್ಲಿ ಬರೆದುಕೊಟ್ಟಳು. ದಿಸ್ಪ್ರೆತ್ಸೊ. “ಇಷ್ಟು ವರ್ಷ ಪಾಠ ಮಾಡಿದೆ. ಈ ಪದ ಕೇಳಿದವರೆಲ್ಲ ಹೆಂಗಸರೇ. ಹೇಳುವಾಗ ಕಣ್ಣು ನೋಡಿ ಹೇಳು. ಇಲ್ಲದಿದ್ದರೆ ಅದು ಬರೀ ಬೈಗುಳವಾಗುತ್ತದೆ.” ನನ್ನನ್ನು ತಡೆಯಲಿಲ್ಲ, ಬುದ್ಧಿ ಹೇಳಲಿಲ್ಲ. ಸಿಗರೇಟು ಆರಿಸಿ ಒಳಗೆ ಹೋದಳು.

ವಿರಾಮದ ನಂತರ ಮಾತಿನ ಅಭ್ಯಾಸ. ಒಬ್ಬರು ಎದುರಿಗಿರುವವರಿಗೆ ಒಂದು ವಾಕ್ಯ ಹೇಳಬೇಕು, ಎದುರಿನವರು “ಆಂಕಿಯೊ” ಎನ್ನಬೇಕು. ಹಾಗೆಂದರೆ ‘ನಾನೂ’ ಎಂದು. ಹುಯಿ ಮಿನ್ ದೊನಾತೆಲ್ಲಾಳಿಗೆ, ನಿನಗೆ ಒಳ್ಳೆಯದನ್ನು ಬಯಸುತ್ತೇನೆ ಎಂದಳು. ದೊನಾತೆಲ್ಲಾ ಬೇಸರದಿಂದ ಆಂಕಿಯೊ ಎಂದಳು. ಆಮೇಲೆ ನಮ್ಮ ಸರದಿ.

ನಾನು ಕುರ್ಚಿ ತಿರುಗಿಸಿ ಪ್ರಭಾಕರ ಅವರ ಕಣ್ಣು ನೋಡಿದೆ. ಕನ್ನಡದಲ್ಲಿ ಇದನ್ನು ಹೇಳಲು ಸಾಧ್ಯವೇ ಇರಲಿಲ್ಲ. ‘ನಿಮ್ಮನ್ನು ತಿರಸ್ಕರಿಸುತ್ತೇನೆ’ ಎನ್ನಬೇಕಾಗಿತ್ತು, ತಿರಸ್ಕಾರಕ್ಕೂ ಬಹುವಚನದ ಮರ್ಯಾದೆ ಸೇರಿಸಿ.

“ತಿ ದಿಸ್ಪ್ರೆತ್ಸೊ” ಎಂದೆ. ನಿಧಾನವಾಗಿ, ಸ್ಪಷ್ಟವಾಗಿ.

ಪ್ರಭಾಕರ ಅವರ ಮುಖ ಅರಳಿತು. ನಾನು ಅವರ ಕಣ್ಣು ನೋಡಿ ಮಾತಾಡಿ ಎಷ್ಟು ಕಾಲವಾಗಿತ್ತೋ. ಹೊಸ ಪದ ಎಂದು ಹುಬ್ಬು ಒಮ್ಮೆ ಮೇಲೇರಿತು, ಆದರೂ ನಗುನಗುತ್ತಾ, ಎದೆಯ ಮೇಲೆ ಕೈಯಿಟ್ಟು ಹೇಳಿದರು, “ಆಂಕಿಯೊ.”

ಹುಯಿ ಮಿನ್ ಬಾಯಿಗೆ ಅಂಗೈ ಅಡ್ಡ ಹಿಡಿದಳು. ದೊನಾತೆಲ್ಲಾ ಬೋರ್ಡಿನ ಕಡೆ ತಿರುಗಿ, ಬರೆದಿಲ್ಲದ ಏನನ್ನೋ ಅಳಿಸತೊಡಗಿದಳು. ಪ್ರಭಾಕರ ನೋಟ್‌ಬುಕ್ ತೆರೆದು ಎಡಗಡೆ ಪದ ಬರೆದರು. ಬಲಗಡೆ ಖಾಲಿ ಬಿಟ್ಟರು.

ಬಿಶಾನ್‌ನಲ್ಲಿ ಟ್ರೈನ್ ಬದಲಿಸಿದ ಮೇಲೆ ಅವರಿಗೆ ಕೂರಲು ಜಾಗ ಸಿಕ್ಕಿತು. ನಾನು ಎದುರಿಗೆ ಕಂಬ ಹಿಡಿದು ನಿಂತಿದ್ದೆ. ಅವರು ಫೋನ್ ತೆಗೆದು, ನೋಟ್‌ಬುಕ್ ನೋಡಿಕೊಂಡು, ಒಂದೊಂದೇ ಅಕ್ಷರ ಒತ್ತಿದರು. ಮುಖದ ಅರ್ಧ ಮಾಸ್ಕಿನಲ್ಲಿತ್ತು, ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣುಗಳು ಪರದೆಯ ಮೇಲೆ ನಿಂತವು, ಸೆರಂಗೂನ್ ಬರುವವರೆಗೂ ನಿಂತೇ ಇದ್ದವು. ನನಗೆ ಗೆದ್ದ ಖುಷಿಯಾಗಬೇಕಿತ್ತು. ಆಯಿತು ಕೂಡ. ಮೂರು ಸ್ಟೇಷನ್ನಿನಷ್ಟು ದೂರ ಆ ಖುಷಿ ಬಾಳಿತು.

ಅವತ್ತು ಸಂಜೆ ಅವರು ಏನೂ ಹೇಳಲಿಲ್ಲ. ಮರುದಿನವೂ ಇಲ್ಲ. ಬಸ್ಸಿಳಿದು ಬಂದು, ಕೈಕಾಲು ತೊಳೆದು, ಇಂಚರಳಿಗೆ ಗಣಿತ ಹೇಳಿಕೊಡಲು ಕೂರುತ್ತಿದ್ದರು. ಅಡುಗೆಮನೆಯ ಬಾಗಿಲಿಗೆ ಯಾರೂ ಬರಲಿಲ್ಲ. ಸೊಪ್ಪು ಹೆಚ್ಚುವ ಸದ್ದು ಮಾತ್ರ ಕೇಳುತ್ತಿತ್ತು. ಇಂಚರ ಒಮ್ಮೆ, “ಅಪ್ಪ, ಟುಡೇ ನೋ ಇಟಾಲಿಯನ್ ಆ?” ಎಂದಾಗ “ರಜಾ ಪುಟ್ಟ” ಎಂದರು. ಅವರ ಪೆದ್ದುತನವಿಲ್ಲದ ಸಂಜೆಗಳು ಅಷ್ಟು ಉದ್ದವಿರುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹೊಗೆ ಅತಿಯಾದ ಒಂದು ದಿನ ಶಾಲೆಗಳಿಗೆಲ್ಲ ರಜೆ ಕೊಟ್ಟರು. ಬೆಳಿಗ್ಗೆ ಎದ್ದಾಗ ಪ್ರಭಾಕರ ಡೈನಿಂಗ್ ಟೇಬಲ್ಲಿನ ಮುಂದೆ ಕೂತಿದ್ದರು, ಬಸ್ಸಿಗೆ ಹೋಗಿರಲಿಲ್ಲ. ಜ್ವರವಿದ್ದರೂ ಪ್ಲಾಂಟಿಗೆ ಹೋಗುವ ಮನುಷ್ಯ. ಲೀವ್ ಹಾಕಿದ್ದೇನೆ ಎಂದರು. ತಿಂಡಿಯಾದ ಮೇಲೆ ಇಂಚರಳನ್ನು ತಾವೇ ವೀಣಾಳ ಮನೆಗೆ ಆಡಲು ಬಿಟ್ಟು ಬಂದರು. ಬಂದವರು ಬಾಗಿಲ ಕೆಳಗಿನ ಒದ್ದೆ ಟವೆಲ್ ಸರಿಮಾಡಿ ಕೂತರು.

“ಆ ಪದ ನೋಡ್ದೆ” ಎಂದರು.

ನಾನು ತಿಂಡಿಯ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟೆ.

“ನಾನು ಆಂಕಿಯೊ ಅಂದ್ಬಿಟ್ಟೆ.”

“ಹೌದು. ಪಾಠ ಸರಿಯಾಗಿ ಒಪ್ಪಿಸಿದ್ರಿ.”

“ಇಲ್ಲ ಸುಮಾ. ಯೋಚನೆ ಮಾಡ್ದೆ. ನಾನು ಸರಿಯಾಗೇ ಹೇಳ್ದೆ ಅನ್ಸತ್ತೆ. ನನಗೂ ನನ್ನ ಕಂಡ್ರೆ ಅದೇ.”

ಇದು ಕರುಣೆ ಗಿಟ್ಟಿಸುವ ಉಪಾಯ ಎಂದುಕೊಂಡೆ. ಏನಾದರೂ ಚುಚ್ಚಿ ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಅವರು ಟೇಬಲ್ಲಿನ ಗಾಜನ್ನು ನೋಡುತ್ತಾ ಹೇಳಿದರು, “ನಿನ್ನ ಸ್ಕೂಲಿನ ಪೇಪರ್ಸ್ ನಾನು ಮರ್ತಿರ್ಲಿಲ್ಲ.”

“ಅಂದ್ರೆ?”

“ದಿನಾ ನೋಡ್ತಿದ್ದೆ. ಬ್ಯಾಗ್ ತೆಗೆದಾಗೆಲ್ಲ ಕಾಣ್ತಿತ್ತು. ಕೊಡ್ಲಿಲ್ಲ. ಆಗ ನನ್ನ ಕಾಂಟ್ರ್ಯಾಕ್ಟ್ ರಿನ್ಯೂ ಆಗಲ್ಲ ಅಂತ ಒಳಗೆ ಮಾತು ನಡೀತಿತ್ತು. ನಿಂಗೆ ಹೇಳಿರ್ಲಿಲ್ಲ. ನನ್ನ ಕೆಲಸ ಹೋಗಿ, ನಿಂಗೆ ಸಿಕ್ಕಿ… ಆಮೇಲೆ ನಿಂಗೆ ನಾನು ಯಾಕೆ ಬೇಕು ಅನ್ನಿಸ್ತು. ನಾಳೆ ಕೊಡೋಣ, ನಾಳೆ ಕೊಡೋಣ ಅಂತ ಇಟ್ಕೊಂಡೆ. ಒಂದಿನ ನೀನೇ ಸ್ಕೂಲಿನವ್ರು ಬೇರೆಯವ್ರನ್ನ ತಗೊಂಡ್ರು ಅಂದೆ. ನನಗೆ ಸಮಾಧಾನ ಆಯ್ತು ಸುಮಾ. ದೇವರಾಣೆ, ಸಮಾಧಾನ ಆಯ್ತು. ಆಮೇಲೆ ನೀನು ಬ್ಯಾಗಲ್ಲಿ ಕಂಡುಹಿಡಿದೆ. ಮರ್ತೇ ಹೋಯ್ತು ಅಂತ ನಾನಂದೆ.”

ಮೂರು ವರ್ಷ ನಾನು ಒಬ್ಬ ಮರೆಗುಳಿಯನ್ನು ತಿರಸ್ಕರಿಸಿದ್ದೆ. ಆ ಮರೆಗುಳಿ ಇರಲೇ ಇಲ್ಲ. ಅಲ್ಲಿ ಇದ್ದದ್ದು ಕಣ್ಣು ತೆರೆದುಕೊಂಡು ನನ್ನ ದಾರಿಗೆ ಅಡ್ಡ ಕೂತ ಮನುಷ್ಯ.

“ನೀನು!” ಎಂದೆ. ಕನ್ನಡದಲ್ಲಿ. ಅದನ್ನು ಇಬ್ಬರೂ ಕೇಳಿಸಿಕೊಂಡೆವು. “ನೀನು ಇಷ್ಟು ದಿನ ನನ್ನ ಎದುರಿಗೆ ಕೂತು ಊಟ ಮಾಡ್ದೆ? ಎಲ್ಲ ಗೊತ್ತಿಟ್ಕೊಂಡು ಊಟ ಮಾಡ್ದೆ?”

“ಹೂಂ.”

“ಅಮೋರೆ ಅಂತ ಬೇರೆ ಬಂದು ನಿಲ್ತಿದ್ದೆ! ನಾಚಿಕೆ ಆಗ್ಲಿಲ್ವಾ?”

“ಕನ್ನಡದಲ್ಲಿ ಹೇಳೋಕೆ ಹೋದ್ರೆ ಆ ಪೇಪರ್ಸ್ ಅಡ್ಡ ಬರ್ತಿತ್ತು. ಅದರಲ್ಲಾದ್ರೆ ಬರ್ತಿರ್ಲಿಲ್ಲ. ಹೊಸ ಭಾಷೆ ಅಲ್ವಾ. ಅದರಲ್ಲಿ ನಾನು ಇನ್ನೂ ಸುಳ್ಳು ಹೇಳಿರ್ಲಿಲ್ಲ.”

ಆಮೇಲೆ ನಾನು ಕೂಗಿದೆ. ಮೂರು ವರ್ಷದ ಕೂಗು. ಏನೇನು ಕೂಗಿದೆನೆಂದು ಬರೆಯುವುದಿಲ್ಲ. ಕಾಲೇಜು ಬಿಟ್ಟ ದಿನದಿಂದ ಹಿಡಿದು ಆ ಮೂರು ಚಪಾತಿಯವರೆಗೆ ಎಲ್ಲವೂ ಬಂತು. ಬ್ಲಾಕಿನ ಎಲ್ಲ ಮನೆಯವರೂ ಹೊಗೆಗೆ ಹೆದರಿ ಕಿಟಕಿ ಮುಚ್ಚಿಕೊಂಡಿದ್ದರಿಂದ ಯಾರಿಗೂ ಕೇಳಿಸಲಿಲ್ಲ. ಪ್ರಭಾಕರ ಎದ್ದು ಹೋಗಲಿಲ್ಲ, ಸಮಜಾಯಿಷಿ ಕೊಡಲಿಲ್ಲ, ಅಳಲಿಲ್ಲ. ಅತ್ತಿದ್ದರೆ ನಾನು ಮತ್ತೆ ಅವರನ್ನು ಸಣ್ಣವರೆಂದುಕೊಂಡು ಗೆದ್ದುಬಿಡುತ್ತಿದ್ದೆ. ಅವರು ಕೂತು ಕೇಳಿದರು. ನನ್ನ ಗಂಟಲು ಕಟ್ಟಿದಾಗ ಒಂದು ಲೋಟ ನೀರು ತಂದಿಟ್ಟರು. ಅದನ್ನು ಕುಡಿಯದೆ ಮತ್ತೆ ಕೂಗಿದೆ.

ಆ ಮಧ್ಯಾಹ್ನ ನನಗೆ ತಿಳಿದದ್ದು ಇಷ್ಟು. ತಿರಸ್ಕಾರ ಇಟ್ಟುಕೊಳ್ಳಲು ಎದುರಿನವನು ನಮಗಿಂತ ಕೆಳಗಿರಬೇಕು. ಕೋಪಕ್ಕೆ ಸರಿಸಮನಾದವನು ಬೇಕು. ಆ ಮನುಷ್ಯ ಮಾಡಿದ್ದು ನಾನು ತಿಳಿದಿದ್ದಕ್ಕಿಂತ ಹೀನವಾದ ಕೆಲಸ. ಆದರೆ ಅದನ್ನು ಹೇಳಿಕೊಂಡ ಮೇಲೆ ಅವರು ನನ್ನ ಎದುರಿನ ಕುರ್ಚಿಯಲ್ಲಿ ಪೂರ್ತಿ ಗಾತ್ರದಲ್ಲಿ ಕೂತಿದ್ದರು. ಮೇಲಿನಿಂದ ನೋಡಲು ಜಾಗವೇ ಇರಲಿಲ್ಲ. ಮೂರು ವರ್ಷ ನಾನು ಎಂಥ ಆರಾಮದ ಎತ್ತರದಲ್ಲಿ ಕೂತಿದ್ದೆ! ಅವರ ಕಾಂಟ್ರ್ಯಾಕ್ಟು ಅಲ್ಲಾಡುತ್ತಿದ್ದ ದಿನಗಳಲ್ಲಿ ಅವರ ಮುಖ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದೆ. ನನಗೆ ನೆನಪಿರಲಿಲ್ಲ. ನಾನೂ ಮನೆ ಓದಿರಲಿಲ್ಲ.

ಇದರಿಂದ ನಾನು ಕರಗಿ ಅವರ ಹಿಂದೆ ಇಟಲಿಗೆ ಹೋದೆನೆಂದು ಯಾರಾದರೂ ಅಂದುಕೊಂಡರೆ ಅವರು ವೀಣಾಳ ಜೊತೆ ಕೂತು ಚಿಪ್ಸ್ ತಿನ್ನಬಹುದು. ಆ ವಾರವೇ ಮೈಸೂರಿನ ನನ್ನ ಹಳೇ ಕಾಲೇಜಿಗೆ ಪತ್ರ ಬರೆದೆ. ಇಂಚರಳ ಶಾಲೆಯ ವರ್ಷ ನವೆಂಬರಿನಲ್ಲಿ ಮುಗಿಯುತ್ತಿತ್ತು, ಆಮೇಲೆ ಅವಳನ್ನು ಕರೆದುಕೊಂಡು ಹೊರಡುವುದೆಂದು ಹೇಳಿದೆ. ಪ್ರಭಾಕರ, “ಕಾಲೇಜಿಗೆ ಕಳಿಸೋ ಪೇಪರ್ಸ್ ಏನಾದ್ರೂ ನಾನು…” ಎಂದರು.

“ಮು‌ಟ್ಟಬೇಡಿ” ಎಂದೆ. ‘ನೀವು’ ವಾಪಸು ಬಂದಿತ್ತು. ಕೋಪ ಇಳಿದಾಗ ನೀವು, ಏರಿದಾಗ ನೀನು. ಆಮೇಲಿನ ಎರಡು ವರ್ಷ, ಅವರು ಅಲ್ಲಿ ನಾವು ಇಲ್ಲಿ ಇದ್ದಾಗ, ಫೋನಿನಲ್ಲಿ ನೀನು ಎನ್ನುವ ದಿನಗಳೇ ಹೆಚ್ಚಿದ್ದವು. ಮಾಡಬೇಕಾಗಿದ್ದ ಜಗಳಗಳೆಲ್ಲ ಬಾಕಿ ಇದ್ದವು, ಒಂದೊಂದಾಗಿ ಮಾಡಿದೆವು.

ಟೋವಾ ಪಾಯೋಗೆ ನಾನು ಮತ್ತೆ ಹೋಗಲಿಲ್ಲ. ಅವರೊಬ್ಬರೇ ಕೊನೆಯವರೆಗೂ ಹೋದರು. ಅಕ್ಟೋಬರ್ ಕಳೆಯುವ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿತು, ಮಳೆ ಬಂತು. ಒಂದು ಬೆಳಿಗ್ಗೆ ಕಿಟಕಿ ತೆರೆದರೆ ಎದುರಿನ ಬ್ಲಾಕು, ಅದರ ಆಚೆ ಕಾಲುವೆ, ಅದರ ದಡದಲ್ಲಿ ಸೈಕಲ್ಲು, ಎಲ್ಲ ಇದ್ದಲ್ಲೇ ಇದ್ದವು. ವೀಣಾ ಓಡಿ ಬಂದು ಆಕಾಶದ ಫೋಟೊ ತೆಗೆದಳು.

ಡಿಸೆಂಬರಿನಲ್ಲಿ ಒಂದೇ ದಿನ ಎರಡು ವಿಮಾನ ಗೊತ್ತಾಯಿತು. ನಮ್ಮದು ಬೆಂಗಳೂರಿಗೆ, ಮಧ್ಯಾಹ್ನ. ಅವರದು ಇಟಲಿಗೆ, ಅದಾದ ಕೆಲವೇ ಗಂಟೆಗೆ, ಬೇರೆ ಟರ್ಮಿನಲ್ಲಿನಿಂದ. ಚಾಂಗಿಯಲ್ಲಿ ನಮ್ಮ ಪಾಸ್‌ಪೋರ್ಟ್ ತೋರಿಸುವ ಗೇಟಿನವರೆಗೂ ಅವರು ಗಾಡಿ ತಳ್ಳಿಕೊಂಡು ಬಂದರು. ಇಂಚರಳನ್ನು ಎತ್ತಿಕೊಳ್ಳಲು ಹೋಗಿ, ಹತ್ತು ವರ್ಷದವಳ ಭಾರಕ್ಕೆ ಸೊಂಟ ಹಿಡಿದುಕೊಂಡು ಕೆಳಗಿಳಿಸಿದರು. ಅವಳು ಮುಂದೆ ಓಡಿ ಸಾಲಿನಲ್ಲಿ ನಿಂತಳು.

“ಸುಮಾ, ಒಂದು ಮಾತು.”

“ಯಾವ ಭಾಷೇಲಿ?”

“ಕನ್ನಡದಲ್ಲೇ.”

ಹೇಳಲು ಅವರಿಗೆ ತುಂಬ ಹೊತ್ತು ಹಿಡಿಯಿತು. ನೋಟ್‌ಬುಕ್ ಇರಲಿಲ್ಲ. ಜನ ಸೂಟ್‌ಕೇಸು ಎಳೆದುಕೊಂಡು ನಮ್ಮ ಎರಡೂ ಪಕ್ಕದಿಂದ ದಾಟಿಹೋದರು. ಇಂಚರ ಅಲ್ಲಿಂದಲೇ, “ಫಾಸ್ಟರ್ ಲಾ, ಅಮ್ಮ!” ಎಂದು ಕೂಗಿದಳು.

“ನೀನಿಲ್ದೆ ಆಗಲ್ಲ ಅಂತಲ್ಲ” ಎಂದರು ಪ್ರಭಾಕರ. “ಆಗತ್ತೆ. ಅಡುಗೆ ಮಾಡ್ಕೋತೀನಿ, ಕೆಲಸಕ್ಕೆ ಹೋಗ್ತೀನಿ, ಎಲ್ಲ ಆಗತ್ತೆ. ಆದ್ರೆ ನನಗೆ ಹಾಗೆ ಬೇಡ.”

“ನಿಮ್ಮ ಟರ್ಮಿನಲ್ ಯಾವುದು ನೋಡ್ಕೊಳ್ಳಿ, ಲೇಟಾಗತ್ತೆ” ಎಂದು ಹೇಳಿ ನಾನು ಒಳಗೆ ಹೋದೆ.

ವಿಮಾನ ಬಂಗಾಳ ಕೊಲ್ಲಿ ದಾಟುವವರೆಗೂ ಆ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಹೀಯಾಳಿಸಲು ಅದರಲ್ಲಿ ಏನಾದರೂ ಸಿಕ್ಕೀತೆಂದು ಪದ ಪದ ಬಿಡಿಸಿ ಹುಡುಕಿದೆ. ಏನೂ ಸಿಗಲಿಲ್ಲ.